ಸೀಟು ಸಿಕ್ಕಿತು, ಬ್ರಾಂಚು ಸಿಕ್ಕಿತೇ?

ಅಮೆರಿಕದ ನಮ್ಮ ಕನ್ನಡ ಕೂಟದ ಈ ಸಲದ ಯುಗಾದಿ ಊಟದ ಪಂಕ್ತಿಯಲ್ಲಿ ಹೊಸದಾಗಿ ಬಂದ ದಂಪತಿ ಹೇಳಿಕೊಂಡದ್ದು ಇನ್ನೂ ನನ್ನ ಹೊಟ್ಟೆ ಉರಿಸುತ್ತಿದೆ. ಮಗಳಿಗೆ ಒಂದು ಕಡೆ ಕಂಪ್ಯೂಟರ್ ಸೈನ್ಸ್‌ಗೇ ಪ್ರವೇಶ ಸಿಕ್ಕಿತ್ತು. ಅದನ್ನು ಬಿಟ್ಟು, ರ‍್ಯಾಂಕ್ ಪಟ್ಟಿಯಲ್ಲಿ ಇನ್ನೂ ಮೇಲಿರುವ ವಿಶ್ವವಿದ್ಯಾಲಯಕ್ಕೆ ಸೇರಿಸಿದರು. ಪ್ರವೇಶಪತ್ರದಲ್ಲಿ ‘ಅನ್‌ಡಿಕ್ಲೇರ್ಡ್’ ಎಂದಿತ್ತು, ಅಂದರೆ ವಿಷಯ ಇನ್ನೂ ನಿಗದಿಯಾಗಿಲ್ಲ. “ಮೊದಲು ಒಳಗೆ ಹೋಗಲಿ, ಆಮೇಲೆ ಬದಲಾಯಿಸಿಕೊಂಡರಾಯಿತು” ಎಂದವರು ನಮ್ಮವರೇ. ಈಗ ಎರಡನೇ ವರ್ಷ. ಕಂಪ್ಯೂಟರ್ ಸೈನ್ಸ್ ವಿಭಾಗದ ಬಾಗಿಲು ತೆರೆಯುತ್ತಿಲ್ಲ, ಹುಡುಗಿ ಅತ್ತು ಸೊರಗಿದ್ದಾಳೆ.

ತಂದೆತಾಯಿಯನ್ನು ದೂರಲಾರೆ. ಊರಿನ ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಕಾಲೇಜು, ಬ್ರಾಂಚು ಎರಡೂ ಜೋಡಿಯಾಗಿಯೇ ಬರುತ್ತವೆ. ಸೀಟು ಅಂದಮೇಲೆ ಯಾವ ಬ್ರಾಂಚಿನದು ಎಂದು ಗೊತ್ತಿರುತ್ತದೆ. ಅಮೆರಿಕದಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಎಂಐಟಿಗೆ ಸೇರಿದ ಮಗು ಮೊದಲ ವರ್ಷ ಮುಗಿಸಿ ತನಗಿಷ್ಟವಾದ ವಿಷಯ ಆರಿಸಿಕೊಳ್ಳಬಹುದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಾಗಲ್ಲ: ಅರ್ಜಿ ಹಾಕುವಾಗಲೇ ಕಂಪ್ಯೂಟರ್ ಸೈನ್ಸ್‌ಗೆ ನೇರ ಪ್ರವೇಶ ಸಿಗದಿದ್ದರೆ ಆಮೇಲೆ ನುಸುಳುವುದು ಬಹಳ ಕಷ್ಟ. ಇದನ್ನು ಯಾವ ರ‍್ಯಾಂಕೂ ಹೇಳುವುದಿಲ್ಲ.

ಆ ರ‍್ಯಾಂಕಿನ ಹಣೆಬರಹವೂ ಅಷ್ಟೇ. ಕೊಲಂಬಿಯಾ ವಿಶ್ವವಿದ್ಯಾಲಯ ಯು.ಎಸ್. ನ್ಯೂಸ್ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿತ್ತು. 2022ರಲ್ಲಿ ಅಲ್ಲಿನದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್, ಸಂಸ್ಥೆ ಕೊಟ್ಟ ಅಂಕಿಅಂಶಗಳು ತಾಳೆಯಾಗುವುದಿಲ್ಲ ಎಂದು ಬಿಡಿಸಿ ತೋರಿಸಿದರು. ಅದೇ ವರ್ಷ ಸ್ಥಾನ 18ಕ್ಕೆ ಇಳಿಯಿತು. ಸ್ಥಾನ ಇಳಿದರೂ ಪಾಠ ಹೇಳುವವರು ಅವರೇ, ಗ್ರಂಥಾಲಯವೂ ಅದೇ. ಆ ಮೇಷ್ಟ್ರ ಧೈರ್ಯಕ್ಕೆ ಕೈಮುಗಿಯುತ್ತೇನೆ.

ನಾನು ಓದಿದ ಮೈಸೂರಿನ ಕಾಲೇಜಿಗೆ ಯಾವ ಪಟ್ಟಿಯಲ್ಲೂ ಜಾಗವಿರಲಿಲ್ಲ. ಆದರೆ ಸಂಜೆ ಲ್ಯಾಬಿನಲ್ಲಿ ನಮ್ಮ ಜೊತೆ ಕೂತು, ಅರ್ಥವಾಗುವವರೆಗೂ ಬಿಡದ ಮೇಷ್ಟ್ರಿದ್ದರು. ಇಲ್ಲಿಯೂ ಅದನ್ನೇ ಹುಡುಕಿ. ಮೊದಲ ವರ್ಷದ ತರಗತಿಯಲ್ಲಿ ಎಷ್ಟು ಜನ, ಪಾಠ ಯಾರದು, ಆಫೀಸ್ ಅವರ್ಸ್‌ನಲ್ಲಿ ಪ್ರೊಫೆಸರ್ ಸಿಗುತ್ತಾರೆಯೇ ಎಂದು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ.

ಖರ್ಚಿನ ಮಾತು: ಕಮ್ಯುನಿಟಿ ಕಾಲೇಜು ಅಂದರೆ ಮೂಗು ಮುರಿಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಡಿ ಆಂಜಾ ಕಾಲೇಜಿನಂಥ ಕಡೆ ಎರಡು ವರ್ಷ ಚೆನ್ನಾಗಿ ಓದಿದವರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿ) ಆರು ಕ್ಯಾಂಪಸ್‌ಗಳು ಷರತ್ತಿನ ಮೇಲೆ ಪ್ರವೇಶದ ಖಾತರಿ ಕೊಡುತ್ತವೆ. ಕೊನೆಗೆ ಸಿಗುವುದು ಅದೇ ಯುಸಿ ಪದವಿ. ಅಲ್ಲಿಯೂ ಬ್ರಾಂಚು ವಿಚಾರಿಸಿ. ಕಂಪ್ಯೂಟರ್ ಸೈನ್ಸ್‌ಗೆ ಎಲ್ಲ ಕ್ಯಾಂಪಸ್‌ಗಳಲ್ಲೂ ಈ ಖಾತರಿಯಿಲ್ಲ.

ನೇರವಾಗಿ ಮೊದಲ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವವರು ಸಾಮಾನ್ಯವಾಗಿ ಮೇ 1ರೊಳಗೆ ಒಪ್ಪಿಗೆ ಕೊಟ್ಟು ಡಿಪಾಸಿಟ್ ಕಟ್ಟಬೇಕು. ಕಟ್ಟುವ ಮುನ್ನ ವಿಭಾಗಕ್ಕೊಂದು ಇಮೇಲ್ ಬರೆದು, “ನನ್ನ ಮಗಳು ಈ ವಿಷಯಕ್ಕೆ ಸೇರಿದ್ದಾಳೆಯೇ? ಇಲ್ಲದಿದ್ದರೆ ಸೇರುವ ದಾರಿ ಏನು?” ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಇಮೇಲ್ ಬರೆಯಲು ಸಂಕೋಚವಾದರೆ ಕೂಟದಲ್ಲಿ ನನ್ನನ್ನು ಹಿಡಿಯಿರಿ, ಕೂತು ಬರೆಯೋಣ.