ಮೊದಲು ಕೇಬಲ್ ಬಿಚ್ಚಿ ನೋಡಿ

ಸಂತೆಬಾಚಹಳ್ಳಿಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಎರಡು ಕಂಪ್ಯೂಟರ್, ಒಂದೇ ಲೇಸರ್ ಪ್ರಿಂಟರ್. ಪ್ರಿಂಟರ್ ಜೋಡಿಸಿದ್ದು 256 ಎಂಬಿ ರ‍್ಯಾಮ್‌ನ ಹಳೇ ವಿಂಡೋಸ್ ಎಕ್ಸ್‌ಪಿ ಯಂತ್ರಕ್ಕೆ. ಇನ್ನೊಂದು ಕಂಪ್ಯೂಟರ್ ಲ್ಯಾನ್ ಕೇಬಲ್ ಮೂಲಕ ಅದಕ್ಕೇ ಪ್ರಿಂಟ್ ಕಳಿಸುತ್ತಿತ್ತು. ನುಡಿ ತಂತ್ರಾಂಶದಲ್ಲಿ ಅರ್ಜಿ, ಕರಾರುಪತ್ರ ಟೈಪ್ ಮಾಡುವಾಗ ಏನೂ ತಕರಾರಿಲ್ಲ. ಪೇಜ್‌ಮೇಕರ್‌ನಿಂದ ಫೋಟೊ ಇರುವ ಲಗ್ನಪತ್ರಿಕೆ ಬಂತೆಂದರೆ ಮಾತ್ರ 'ವರ್ಚುವಲ್ ಮೆಮೊರಿ ಕಡಿಮೆ' ಎಂಬ ಸೂಚನೆ. ಹಿಂದೆಯೇ ಯಂತ್ರ ಹ್ಯಾಂಗ್.

ರ‍್ಯಾಮ್ ಸಾಲದಾದಾಗ ವಿಂಡೋಸ್, ಮನೆಯ ಸಾಮಾನನ್ನು ಅಟ್ಟಕ್ಕೆ ಏರಿಸುವಂತೆ, ತಕ್ಷಣಕ್ಕೆ ಬೇಡದ್ದನ್ನು ಹಾರ್ಡ್‌ಡಿಸ್ಕಿನ ಪೇಜ್‌ಫೈಲ್‌ಗೆ ಸಾಗಿಸುತ್ತದೆ. ಎಕ್ಸ್‌ಪಿ ತಾನೇ ನಿಗದಿ ಮಾಡುವ ಗಾತ್ರ ರ‍್ಯಾಮ್‌ನ ಒಂದೂವರೆಪಟ್ಟಿನಿಂದ ಮೂರುಪಟ್ಟು: ನಮ್ಮಲ್ಲಿ 384ರಿಂದ 768 ಎಂಬಿ. ಲೆಕ್ಕ ಸರಿಯಾಗಿಯೇ ಇತ್ತು. ಹಾಗಾಗಿ ಲ್ಯಾನ್ ಕೇಬಲ್ ಬಿಚ್ಚಿ ಕೆಲಸ ಮಾಡಿದೆ, ಸೂಚನೆ ಬರಲಿಲ್ಲ. ಮತ್ತೆ ಸಿಕ್ಕಿಸಿ, ಆ ಕಡೆಯಿಂದ ಪ್ರಿಂಟ್ ಕೊಟ್ಟು, ಸಿ ಡ್ರೈವ್ ತೆರೆದು ನೋಡುತ್ತ ಕುಳಿತೆ. ಖಾಲಿ ಜಾಗ ಕಣ್ಣೆದುರೇ ಇಳಿಯುತ್ತಿತ್ತು. ಕಳಿಸಿದ ಪುಟಗಳೆಲ್ಲ ಪ್ರಿಂಟ್ ಆಗುವ ಮೊದಲು ಸಿ ಡ್ರೈವಿನ ಸ್ಪೂಲ್ ಫೋಲ್ಡರಿಗೆ ಬಂದು ಕೂರುತ್ತವೆ. ಅದೇ ಡ್ರೈವಿನಲ್ಲಿ ಪೇಜ್‌ಫೈಲ್ ಬೆಳೆಯಬೇಕೆಂದರೆ ಜಾಗವೆಲ್ಲಿ?

ಪರಿಹಾರ ಎರಡು ಹೆಜ್ಜೆಯದು. ಮೊದಲು ಸರ್ವೀಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಅರ್ಧಕ್ಕೆ ನಿಂತ ಹಳೇ ಫೈಲುಗಳನ್ನು ಅಳಿಸಿ, ಮತ್ತೆ ಚಾಲೂ ಮಾಡಿದೆ. ಪ್ರಿಂಟರ್ಸ್ ವಿಂಡೋದ ಸರ್ವರ್ ಪ್ರಾಪರ್ಟೀಸ್‌ನಲ್ಲಿ ಸ್ಪೂಲ್ ಫೋಲ್ಡರನ್ನು ಡಿ ಡ್ರೈವಿಗೆ ಬದಲಿಸಿದೆ. ಆಮೇಲೆ ಪೇಜ್‌ಫೈಲನ್ನು ಸಿ ಡ್ರೈವಿನಲ್ಲೇ ಉಳಿಸಿ, ಕನಿಷ್ಠ, ಗರಿಷ್ಠ ಎರಡಕ್ಕೂ 768 ಎಂದೇ ಬರೆದೆ. ಎರಡೂ ಒಂದೇ ಆದರೆ ಅಷ್ಟು ಜಾಗ ಮೊದಲೇ ಹಿಡಿದಿಟ್ಟಂತೆ. ಕೆಲಸದ ನಡುವೆ ಬೆಳೆಯಲು ತಡಕಾಡಬೇಕಿಲ್ಲ. ಸಂಖ್ಯೆ ಬರೆದ ಮೇಲೆ 'ಸೆಟ್' ಒತ್ತಲೇಬೇಕು. ಬರೀ 'ಓಕೆ' ಒತ್ತಿದರೆ ಹಳೆಯದೇ ಉಳಿಯುತ್ತದೆ. ಪೇಜ್‌ಫೈಲನ್ನೇ ತೆಗೆದುಬಿಡಿ ಎನ್ನುವವರ ಮಾತು ಕೇಳಬೇಡಿ. ಕಡಿಮೆ ರ‍್ಯಾಮ್‌ನ ಯಂತ್ರಕ್ಕೆ ಅದೇ ಆಸರೆ.

ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಹಳೇ ಪ್ರಿಂಟರಿಗಾಗಿ ಅದನ್ನು ಇಟ್ಟುಕೊಂಡವರು ಇಂಟರ್‌ನೆಟ್‌ನಿಂದ ದೂರವಿಡುವುದು ಕ್ಷೇಮ. ಮೆಮೊರಿಯ ದೂರು ಬಂದಾಗ ರ‍್ಯಾಮ್ ಕೊಳ್ಳಲು ಕೆ.ಆರ್. ಪೇಟೆಗೆ ಹೊರಡುವ ಮುನ್ನ, ಕೇಬಲ್ ಬಿಚ್ಚಿ, ಹೊರೆ ಯಾರದೆಂದು ತಿಳಿದುಕೊಳ್ಳಿ. ನೆಟ್‌ವರ್ಕಿನಲ್ಲಿರುವ ಕಂಪ್ಯೂಟರ್ ತನ್ನ ಕೆಲಸವನ್ನಷ್ಟೇ ಅಲ್ಲ, ಪಕ್ಕದವರ ಕೆಲಸವನ್ನೂ ಹೊತ್ತಿರುತ್ತದೆ.