ನಟರಾಜ ಬಂದ, ಟಿಪ್ಪುವಿನ ಹುಲಿ ಯಾಕೆ ಬರಲಿಲ್ಲ?

ಪ್ರಶ್ನೆ: ಕದ್ದೊಯ್ದ ನಟರಾಜನ ವಿಗ್ರಹವನ್ನು ಆಸ್ಟ್ರೇಲಿಯಾ ಭಾರತಕ್ಕೆ ಮರಳಿಸಿತು. ಹಾಗಾದರೆ ಲಂಡನ್ನಿನಲ್ಲಿರುವ ಟಿಪ್ಪುವಿನ ಹುಲಿಯನ್ನು ಬ್ರಿಟನ್ ಯಾಕೆ ಕೊಡುವುದಿಲ್ಲ?
– ಓದುಗರೊಬ್ಬರು, ಮಂಡ್ಯ

ಉತ್ತರ: ಎರಡೂ ನಮ್ಮ ಕೈತಪ್ಪಿದ ವಸ್ತುಗಳೇ. ಆದರೆ ಯಾವಾಗ ಹೋಯಿತು, ಹೇಗೆ ಹೋಯಿತು ಎಂಬುದನ್ನು ಕಾನೂನು ಮೊದಲು ಕೇಳುತ್ತದೆ.

ನಟರಾಜನದು ನೇರ ಕಳ್ಳತನ. ತಮಿಳುನಾಡಿನ ಶ್ರೀಪುರಂದಾನ್ ದೇವಸ್ಥಾನದಿಂದ ಕದ್ದ ಆ ಚೋಳರ ಕಾಲದ ಕಂಚಿನ ಮೂರ್ತಿಯನ್ನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಗೆ ಸುಮಾರು 50 ಲಕ್ಷ ಡಾಲರಿಗೆ ಮಾರಿದ. ಮೂರ್ತಿ ದಶಕಗಳ ಹಿಂದೆಯೇ ಭಾರತ ಬಿಟ್ಟಿತ್ತೆಂದು ಸುಳ್ಳು ದಾಖಲೆಯನ್ನೂ ಕೊಟ್ಟಿದ್ದ. ಕದ್ದ ಪ್ರಾಚ್ಯವಸ್ತುಗಳ ಸಾಗಾಟ ತಡೆಯಲು 1970ರಲ್ಲಿ ಯುನೆಸ್ಕೊ ಒಪ್ಪಂದ ಬಂತು. ಅದಕ್ಕೂ ಹಿಂದೆ ಹೊರಬಿದ್ದ ವಸ್ತುವಿಗೆ ಅದು ಅನ್ವಯಿಸುವುದಿಲ್ಲ, ಇಂಥ ಹಳೆಯ ತಾರೀಖಿನ ಸುಳ್ಳು ದಾಖಲೆಗಳು ಹುಟ್ಟುವುದು ಅದಕ್ಕೇ. ಆದರೆ ಮೂರ್ತಿ ದೇವಸ್ಥಾನದಲ್ಲಿದ್ದಾಗ ತೆಗೆದಿದ್ದ ಫೋಟೊಗಳು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದವು. ಆ ಫೋಟೊಗಳನ್ನು ಗ್ಯಾಲರಿಯ ಮೂರ್ತಿಯೊಂದಿಗೆ ಹೋಲಿಸಿ ನೋಡಿದಾಗ ವಂಚನೆ ಬಯಲಾಯಿತು. 2014ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ಬಂದು ಮೂರ್ತಿಯನ್ನು ಒಪ್ಪಿಸಿದರು. ನಮ್ಮೂರ ಗುಡಿಗಳ ಮೂರ್ತಿಗಳಿಗೂ ಇಂಥ ಫೋಟೊ ದಾಖಲೆ ಇರಲೇಬೇಕು.

ಹುಲಿಯ ಕಥೆ ಬೇರೆ. ಬಿಳಿಯ ಸೈನಿಕನ ಮೇಲೆ ಎರಗಿದ ಈ ಮರದ ಹುಲಿಯ ಹೊಟ್ಟೆಯಲ್ಲಿ ವಾದ್ಯವಿದೆ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ಕೈಯೆತ್ತಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಟಿಪ್ಪುವಿನ ಅರಮನೆಯಿಂದ ಹೊತ್ತೊಯ್ದದ್ದು ಅದು; 1970ರ ಒಪ್ಪಂದ ಅಷ್ಟು ಹಿಂದಕ್ಕೆ ಅನ್ವಯಿಸುವುದಿಲ್ಲ. ಗೆದ್ದ ಊರನ್ನು ಲೂಟಿ ಮಾಡಿ ಹಂಚಿಕೊಳ್ಳುವುದು ಆಗಿನ ಸೈನ್ಯಗಳಿಗೆ ರೂಢಿ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡದಂತೆ 1983ರ ಬ್ರಿಟಿಷ್ ಕಾಯ್ದೆ ಅದರ ಕೈ ಕಟ್ಟಿದೆ.

ಈ ನೆಪವನ್ನು ನಾನು ಒಪ್ಪಲಾರೆ. ನಾಜಿಗಳ ಕಾಲದಲ್ಲಿ ಯಹೂದಿಗಳಿಂದ ಕಿತ್ತುಕೊಂಡ ಕಲಾಕೃತಿಗಳನ್ನು ಮರಳಿಸಲು ಅದೇ ಬ್ರಿಟಿಷ್ ಸಂಸತ್ತು 2009ರಲ್ಲಿ ಹೊಸ ಕಾಯ್ದೆ ಮಾಡಿತು. ಬ್ರಿಟಿಷ್ ಸೈನ್ಯ 1897ರಲ್ಲಿ ಈಗಿನ ನೈಜೀರಿಯಾದಲ್ಲಿರುವ ಬೆನಿನ್‌ನಿಂದ ದೋಚಿದ ಕಂಚಿನ ಶಿಲ್ಪಗಳು ಜರ್ಮನಿಯ ಮ್ಯೂಸಿಯಂಗಳಲ್ಲೂ ಇದ್ದವು. ಅವುಗಳ ಒಡೆತನವನ್ನು ಜರ್ಮನಿ 2022ರಲ್ಲಿ ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಲಂಡನ್ನಿನಲ್ಲಾದರೆ ವಸ್ತು ಸುರಕ್ಷಿತ ಎನ್ನುವವರಿಗೂ ಒಂದು ಮಾತು: ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಛಾವಣಿ ಕುಸಿದು ಈ ಹುಲಿ ಚೂರುಚೂರಾಗಿತ್ತು. ಆಮೇಲೆ ಜೋಡಿಸಿದರು.

ಉಳಿದಿರುವುದು ಎರವಲಿನ ದಾರಿ. ಹುಲಿಯಿರುವ ಇದೇ ಮ್ಯೂಸಿಯಂ 2024ರಲ್ಲಿ ಘಾನಾದ ಅಸಾಂಟೆ ಅರಸರ ಚಿನ್ನದ ಒಡವೆಗಳನ್ನು ಎರವಲಾಗಿ ಅವರ ನಾಡಿಗೆ ಕಳಿಸಿತು. ಎರವಲು ಪಡೆದರೆ ಒಡೆತನ ಬ್ರಿಟನ್ನಿನದೆಂದು ಒಪ್ಪಿದಂತಾಗುತ್ತದೆಂದು ಗ್ರೀಸ್ ಲಂಡನ್ನಿನಲ್ಲಿರುವ ತನ್ನ ಪಾರ್ಥೆನಾನ್ ದೇಗುಲದ ಶಿಲ್ಪಗಳ ವಿಷಯದಲ್ಲಿ ಹಿಂಜರಿಯುತ್ತದೆ. ಆ ಅಳುಕು ನ್ಯಾಯವಾದದ್ದೇ. ಆದರೂ ಹುಲಿ ಎರವಲಾಗಿಯಾದರೂ ಶ್ರೀರಂಗಪಟ್ಟಣಕ್ಕೆ ಬರಲಿ, ಅಲ್ಲಿನ ಮಕ್ಕಳು ಕಣ್ತುಂಬ ನೋಡಲಿ ಎಂಬುದು ನನ್ನ ಆಸೆ. ಹಕ್ಕು ಬಿಟ್ಟುಕೊಡುವ ಸಾಲೊಂದನ್ನು ಮಾತ್ರ ಕರಾರಿನಲ್ಲಿ ಬರೆಯಗೊಡಬಾರದು.