ಪ್ರಸವಪೂರ್ವ ತಪಾಸಣೆ: ತರಗತಿಯಲ್ಲಿ ಮಾತಿನ ಎಚ್ಚರ

ವಯನಾಡಿನ ಪಣಿಯ, ಅಡಿಯ, ಕುರಿಚ್ಯ, ಕುರುಮ ಸಮುದಾಯಗಳಲ್ಲಿಯೂ ವಯನಾಡನ್ ಚೆಟ್ಟಿಗಳಲ್ಲಿಯೂ ಕುಡುಗೋಲು ಕಣ ರಕ್ತಹೀನತೆ ಕಂಡುಬರುತ್ತದೆ. ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಲೇಮನ್ ಮತ್ತು ಕಟ್‌ಬುಷ್ ಇದರ ಲಕ್ಷಣವನ್ನು 1952ರಲ್ಲೇ ಗುರುತಿಸಿದ್ದರು. ಆನುವಂಶಿಕತೆಯ ಪಾಠದಲ್ಲಿ ಈ ರೋಗವು ನಾಲ್ಕು ಮನೆಗಳ ಚೌಕವೊಂದರಲ್ಲಿ ಮುಗಿದುಹೋಗುತ್ತದೆ. ಆ ಚೌಕದ ನಾಲ್ಕನೆಯ ಮನೆಯನ್ನು ಮುಂದೆ ಗರ್ಭಿಣಿಯಾಗಿ ಆಸ್ಪತ್ರೆಯಲ್ಲಿ ಎದುರಿಸಬೇಕಾದವಳು ಅದೇ ತರಗತಿಯಲ್ಲಿ ಕುಳಿತಿರಬಹುದು.

ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಇದನ್ನು ಮಕ್ಕಳು ಸಾಮಾನ್ಯವಾಗಿ 'ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ' ಎಂದು ಗ್ರಹಿಸುತ್ತಾರೆ. ಮೊದಲ ಮಗು ರೋಗಿಯಾದರೆ ಮುಂದಿನ ಮೂವರು ಕ್ಷೇಮವೆಂದು ಭಾವಿಸುತ್ತಾರೆ. ಇದು ಸಣ್ಣ ತಪ್ಪಲ್ಲ. ಈ ನಂಬಿಕೆಯಿಂದ ಎರಡನೆಯ ಗರ್ಭದಲ್ಲಿ ಪರೀಕ್ಷೆಯೇ ಬೇಡವೆನಿಸಬಹುದು. ಎರಡೆರಡು ನಾಣ್ಯಗಳನ್ನು ಕೊಟ್ಟು ಪ್ರತಿ ಜೋಡಿ ವಿದ್ಯಾರ್ಥಿಗಳಿಂದ ಇಪ್ಪತ್ತು ಸಲ ಚಿಮ್ಮಿಸಿರಿ. ಎರಡೂ ನಾಣ್ಯ ಹಿಂಬದಿ ಬಿದ್ದರೆ ರೋಗ, ಒಂದು ಮಾತ್ರ ಬಿದ್ದರೆ ವಾಹಕ. ಕೆಲವರಿಗೆ ರೋಗದ ಫಲ ಬೆನ್ನುಬೆನ್ನಿಗೇ ಬರುತ್ತದೆ, ಕೆಲವರಿಗೆ ಬಹುಕಾಲ ಬರುವುದೇ ಇಲ್ಲ. ನಾಣ್ಯಕ್ಕೆ ಹಿಂದಿನ ಸರದಿಯ ನೆನಪಿಲ್ಲವೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಡೌನ್ ಸಿಂಡ್ರೋಮ್ ಬೇರೆ ಬಗೆಯದು. ಇದರಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದನ್ನು 1959ರಲ್ಲಿ ಲೆಜೂನ್ ಮತ್ತು ಸಂಗಡಿಗರು ಪ್ರಕಟಿಸಿದರು. ಇದು ಬಹುತೇಕ ಮನೆತನದಿಂದ ಬರುವುದಲ್ಲ. ತಾಯಿಯ ವಯಸ್ಸು ಹೆಚ್ಚಿದಂತೆ ಸಂಭವ ಏರುತ್ತದೆಯಾದರೂ ಕಿರಿಯ ತಾಯಂದಿರಿಗೂ ಇಂತಹ ಮಕ್ಕಳು ಜನಿಸುತ್ತಾರೆ. ಗರ್ಭದ 11ರಿಂದ 13 ವಾರಗಳ ಅವಧಿಯಲ್ಲಿ ಸ್ಕ್ಯಾನಿಂಗ್ ಮತ್ತು ತಾಯಿಯ ರಕ್ತಪರೀಕ್ಷೆಯಿಂದ ಮಾಡುವುದು ತಪಾಸಣೆ. ಗರ್ಭವೇಷ್ಟನದ ಅಂಶವನ್ನೋ ಗರ್ಭಜಲವನ್ನೋ ತೆಗೆದು ಮಾಡುವುದು ರೋಗನಿರ್ಣಯ. ಈ ಎರಡು ಪದಗಳನ್ನು ಅದಲುಬದಲಾಗಿ ಬಳಸಲೇಬಾರದು. ತಪಾಸಣೆಯಲ್ಲಿ '250ರಲ್ಲಿ 1' ಎಂದು ಬಂದರೆ ಅದನ್ನು 'ಅಧಿಕ ಅಪಾಯ' ಎನ್ನುವುದುಂಟು. ಅಂತಹ 250 ಗರ್ಭಿಣಿಯರಲ್ಲಿ 249 ಮಂದಿಯ ಮಗುವಿಗೆ ಆ ಸ್ಥಿತಿ ಇರುವುದಿಲ್ಲವೆಂದೂ ಅದೇ ಅಂಕಿಯನ್ನು ಓದಬಹುದು. ಗಣಿತ ಒಂದೇ, ಕೇಳಿದವಳ ಎದೆಬಡಿತ ಒಂದೇ ಅಲ್ಲ. ನಿರ್ಣಯದ ಪರೀಕ್ಷೆಯಲ್ಲಿ ಗರ್ಭಪಾತದ ಅಲ್ಪ ಅಪಾಯವೂ ಇರುವುದರಿಂದ, ಅಂಕಿಯನ್ನು ಹೇಳುವ ರೀತಿಯೇ ಮುಂದಿನ ಹೆಜ್ಜೆಯನ್ನು ಬಾಗಿಸಬಲ್ಲದು. ಡೆನ್ಮಾರ್ಕಿನಲ್ಲಿ 2004ರಿಂದ ಎಲ್ಲ ಗರ್ಭಿಣಿಯರಿಗೂ ತಪಾಸಣೆಯ ಅವಕಾಶ ದೊರೆತ ಬಳಿಕ ಡೌನ್ ಸಿಂಡ್ರೋಮ್ ಇರುವ ಶಿಶುಗಳ ಜನನ ಬಹಳ ಇಳಿಯಿತು. ಯಾರೂ ಬಲಾತ್ಕರಿಸಲಿಲ್ಲ, ಮಾಹಿತಿ ಪಡೆದ ಬಹುತೇಕ ದಂಪತಿಗಳು ಹಾಗೆ ನಿರ್ಧರಿಸಿದರು.

ಭಾರತದಲ್ಲಿ 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯಿದೆಯು ಲಿಂಗಪತ್ತೆಯನ್ನು ನಿಷೇಧಿಸಿ, ವರ್ಣತಂತುದೋಷ, ಹೀಮೋಗ್ಲೋಬಿನ್ ದೋಷ ಮೊದಲಾದವುಗಳ ಪತ್ತೆಗೆ ಅನುಮತಿ ನೀಡಿದೆ. ಮಹಿಳೆಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕೆಂಬುದೂ ಅದರ ವಿಧಿ. ಭಾಷಾ ಅಲ್ಪಸಂಖ್ಯಾತರ ಅಧ್ಯಾಪಕರು ಈ ವಿಧಿಯನ್ನು ವಿಶೇಷವಾಗಿ ಗಮನಿಸಬೇಕು. ಪಣಿಯರಿಗೂ ಅಡಿಯರಿಗೂ ತಮ್ಮದೇ ನುಡಿಗಳಿವೆ. ಕಾಟ್ಟುನಾಯಕರ ನುಡಿ ಕನ್ನಡಕ್ಕೆ ಸಮೀಪವಾದುದು. ಇಂಗ್ಲಿಷಿನ ವರದಿ ಮಲಯಾಳದ ಮೂಲಕ ಇಂತಹ ಮನೆಯನ್ನು ಮುಟ್ಟುವಷ್ಟರಲ್ಲಿ 'ಸಂಭವ'ವು 'ಖಚಿತ'ವಾಗಿಬಿಡಬಹುದು. ಕಾಲವೂ ಕಿರಿದು. 2021ರ ತಿದ್ದುಪಡಿಯಂತೆ ಗರ್ಭಸಮಾಪ್ತಿಗೆ 20 ವಾರಗಳವರೆಗೆ ಒಬ್ಬ ವೈದ್ಯರ, ನಿರ್ದಿಷ್ಟ ಸಂದರ್ಭಗಳಲ್ಲಿ 24 ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕು. ಆ ಬಳಿಕ ಭ್ರೂಣದ ಗಂಭೀರ ದೋಷಗಳಿಗೆ ವೈದ್ಯಕೀಯ ಮಂಡಳಿಯೇ ನಿರ್ಣಯಿಸಬೇಕು. ವಯಸ್ಕ ಮಹಿಳೆಯ ವಿಷಯದಲ್ಲಿ ಒಪ್ಪಿಗೆ ಅವಳದೇ, ಪತಿಯದಲ್ಲ.

ಕುಡುಗೋಲು ಕಣ ರಕ್ತಹೀನತೆಯ ನಿರ್ಮೂಲನಕ್ಕೆಂದು ರಾಷ್ಟ್ರೀಯ ಯೋಜನೆಯೊಂದು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾಯಿತು. 2047 ಅದರ ಗುರಿ. 'ನಿರ್ಮೂಲನ' ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲು, ಆ ರೋಗದೊಂದಿಗೆ ಬದುಕುತ್ತಿರುವ ಮಗು ಅದನ್ನು ಹೇಗೆ ಓದೀತೆಂದು ಯೋಚಿಸಬೇಕು. ಹೈಡ್ರಾಕ್ಸಿಯೂರಿಯಾ ಔಷಧದಿಂದ ನೋವಿನ ಸರದಿಗಳು ಕಡಿಮೆಯಾಗುತ್ತವೆ. ಡೌನ್ ಸಿಂಡ್ರೋಮ್ ಇರುವವರು ಒಳ್ಳೆಯ ಚಿಕಿತ್ಸೆ ದೊರೆತ ದೇಶಗಳಲ್ಲಿ ಅರುವತ್ತರ ಆಸುಪಾಸಿನವರೆಗೂ ಬದುಕುತ್ತಾರೆ. ಈ ಸಂಗತಿಗಳು ಪಾಠದ ಕೊನೆಯ ಸಾಲಿಗೆ ಉಳಿಯದೆ ರೋಗದ ವಿವರಣೆಯೊಡನೆಯೇ ಬರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಭಾಗಗಳಲ್ಲಿ ಕುಡುಗೋಲು ಕಣ ರೋಗವೂ ಬೌದ್ಧಿಕ ಅಂಗವೈಕಲ್ಯವೂ ಸೇರಿವೆ.

ವಂಶವೃಕ್ಷದ ಅಭ್ಯಾಸಕ್ಕೆ ಮಕ್ಕಳ ಸ್ವಂತ ಮನೆಯನ್ನು ಆರಿಸುವುದು ಬೇಡ. ಕಲ್ಪಿತ ಕುಟುಂಬವೊಂದನ್ನು ಕೊಟ್ಟರಾಯಿತು. ಯಾರು ವಾಹಕರೆಂದು ತರಗತಿಯಲ್ಲಿ ಕೇಳಲೂ ಬಾರದು. ಬಳಿಕ '250ರಲ್ಲಿ 1' ಎಂಬ ಫಲಿತಾಂಶವನ್ನು ಗರ್ಭಿಣಿಯೊಬ್ಬಳಿಗೆ ತಿಳಿಸುವ ನಾಲ್ಕು ವಾಕ್ಯಗಳನ್ನು ಮಕ್ಕಳು ತಮ್ಮ ಮನೆಮಾತಿನಲ್ಲಿ ಬರೆದು, ಪಕ್ಕದವರಿಗೆ ಓದಿ ಹೇಳಲಿ. ಕೇಳಿದವರು ತಮಗೆ ಅರ್ಥವಾದುದನ್ನು ತಿರುಗಿ ಹೇಳಲಿ.